ಮನೆ, ಆಫೀಸು, ನಡುವೆ ತಿಗರಿ

"ನಿಮಗೆ ಟೈಮ್ ಎಲ್ಲಿ ಸಿಗುತ್ತೆ?" ತಿಗರಿ, ಅಂದರೆ ಮಡಕೆ ಮಾಡುವ ಚಕ್ರದ ವಿಷಯ ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದರಲ್ಲಿ ತಪ್ಪೇನಿಲ್ಲ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ನಾನು, ನಮ್ಮನೆಯವರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ತಿಂಡಿ, ಡಬ್ಬಿ, ಆಫೀಸು, ಸಂಜೆ ಮಕ್ಕಳ ಓದು. ಇದರ ನಡುವೆ ದಿನಾ ಎರಡು ಮೂರು ಗಂಟೆ ಎತ್ತಿಡುವುದು ಆಗದ ಮಾತು.

ಆದರೆ ಕುಂಬಾರಿಕೆಗೆ ಒಟ್ಟಿಗೆ ಅಷ್ಟು ಹೊತ್ತು ಬೇಕಾಗುವುದೇ ಇಲ್ಲ. ಈ ಕೆಲಸದಲ್ಲಿ ಕಾಯುವುದೇ ಜಾಸ್ತಿ. ಮಣ್ಣು ನೆನೆಯಬೇಕು. ಸೋಸಿದ ಮೇಲೆ ತಳಕ್ಕಿಳಿಯಬೇಕು. ಮಾಡಿದ್ದು ಆರಬೇಕು. ಸುಟ್ಟದ್ದು ತಣಿಯಬೇಕು. ನಡುನಡುವೆ ಅರ್ಧ ಗಂಟೆ, ಒಂದು ಗಂಟೆ ಕೈಕೆಲಸ. ಆ ಅರ್ಧ ಗಂಟೆಯನ್ನು ಯಾವಾಗ ಕೊಡಬೇಕು ಅನ್ನುವುದು ತಿಳಿದರೆ ಸಂಸಾರದ ನಡುವೆಯೂ ತಿಗರಿ ತಿರುಗುತ್ತದೆ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. ಉಳಿದದ್ದನ್ನೆಲ್ಲ ಕೈ ತಾನಾಗಿ ಕಲಿಯುತ್ತದೆ.

ಹದಡಿ ರಸ್ತೆ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯ ಕುಂಬಾರರೊಬ್ಬರಿದ್ದಾರೆ. ಊರವರೆಲ್ಲ ಅಜ್ಜ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರೇ ನನ್ನ ಗುರು. ಅವರ ಮನೆಯಲ್ಲಿ ಎರಡು ತಿಗರಿ ಇವೆ. ಒಂದು ಕೋಲಿನಿಂದ ತಿರುಗಿಸುವ ಹಳೆಯದು, ಇನ್ನೊಂದು ಕರೆಂಟಿನದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರರಿಗೆ ಕರೆಂಟ್ ತಿಗರಿ ಕೊಡುವ ಯೋಜನೆ ಶುರು ಮಾಡಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ. ಅಜ್ಜನ ಮಗ ಅಲ್ಲಿ ತರಬೇತಿ ಮಾಡಿಕೊಂಡು ಬಂದವರು.

ಹಳೇ ತಿಗರಿಯನ್ನು ಕೋಲಿನಿಂದ ಜೋರಾಗಿ ತಿರುಗಿಸಿ ಬಿಟ್ಟರೆ ತನ್ನ ಭಾರದಿಂದಲೇ ಕೆಲವು ನಿಮಿಷ ಸುತ್ತುತ್ತದೆ. ಅಷ್ಟರಲ್ಲಿ ಗಡಿಗೆ ಎದ್ದಿರಬೇಕು. ಹೊಸಬರ ಕೈಗೆ ಆ ಹೊತ್ತು ಸಾಲದು. ಕರೆಂಟಿನದು ಕಾಲಿನ ಪೆಡಲ್ ಮಾತು ಕೇಳುತ್ತದೆ. ಬೇಕಾದಾಗ ಜೋರು, ಬೇಡವಾದಾಗ ನಿಧಾನ. ನಾನು ಕಲಿತದ್ದು ಅದರ ಮೇಲೆ. ಆಮೇಲೆ ಅಂಥದ್ದೇ ಒಂದನ್ನು ಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಜಾಗದ ಪಕ್ಕ ಇಟ್ಟುಕೊಂಡೆ.

ಮಣ್ಣಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸುತ್ತಮುತ್ತ ಎರೆಭೂಮಿ ಜಾಸ್ತಿ. ಹತ್ತಿಗೆ, ಜೋಳಕ್ಕೆ ಎರೆಮಣ್ಣು ಒಳ್ಳೆಯದು. ಮಡಕೆಗೆ ಅದೊಂದೇ ಆಗುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲ ನೋಡಿದವರಿಗೆ ಇದು ಗೊತ್ತೇ ಇರುತ್ತದೆ ಅಲ್ವಾ? ಅಜ್ಜ ಬಳಸುವುದು ಕೆರೆಯಂಗಳದ ಜೇಡಿಮಣ್ಣು. ಮಳೆನೀರಿನ ಜೊತೆ ಬಂದು ನಿಂತ ನುಣ್ಣನೆಯ ಮಣ್ಣು ಅದು. ಅದಕ್ಕೆ ಜರಡಿ ಹಿಡಿದ ಸಣ್ಣ ಮರಳು ಬೆರೆಸುತ್ತಾರೆ. ಮರಳಿದ್ದರೆ ಪಾತ್ರೆ ಕಡಿಮೆ ಕುಗ್ಗುತ್ತದೆ, ಒಳಗಿನ ನೀರಿಗೆ ಹೊರಗೆ ಬರಲು ದಾರಿ ಸಿಗುತ್ತದೆ, ಒಲೆಯ ಮೇಲಿಟ್ಟರೂ ತಡೆಯುತ್ತದೆ. ಮಣ್ಣು ಒಣಗಿಸಿ, ಕುಟ್ಟಿ, ನೆನೆಸಿ, ಸೋಸಿ, ಗೋಣಿಚೀಲದ ಮೇಲೆ ಹರವಿ ನೀರು ಬಸಿದು ಆಮೇಲೆ ತುಳಿಯಬೇಕು. ನಾನು ಹದ ಮಾಡಿದ ಮಣ್ಣನ್ನೇ ಅಜ್ಜನಿಂದ ಕೊಂಡು ತರುತ್ತೇನೆ. ಕೆಲಸಕ್ಕೆ ಹೋಗುವವರು ಹೀಗೆ ಮಾಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಅಜ್ಜನ ಶ್ರಮಕ್ಕೂ ಬೆಲೆ ಸಿಗುತ್ತದೆ.

ಸುಡುವ ಮೊದಲು ಬೇಡವಾದದ್ದು ಯಾವುದೂ ಹಾಳಲ್ಲ. ಎಲ್ಲವನ್ನೂ ಮತ್ತೆ ನೆನೆಸಬಹುದು. ಆದರೆ ಅದು ಪೂರ್ತಿ ಒಣಗಿರಬೇಕು. ಅರ್ಧ ಹಸಿ ಇರುವ ಗಟ್ಟಿಯನ್ನು ನೀರಿಗೆ ಹಾಕಿದರೆ ದಿನಗಟ್ಟಲೆ ಹಾಗೇ ಕೂತಿರುತ್ತದೆ. ಚೆನ್ನಾಗಿ ಒಣಗಿದ್ದನ್ನು ಹಾಕಿದರೆ ಗುಳ್ಳೆ ಬಿಡುತ್ತಾ ತಾನಾಗಿ ಕುಸಿಯುತ್ತದೆ. ನಮ್ಮ ಮಕ್ಕಳಿಗೆ ಅದನ್ನು ನೋಡುವುದೇ ಒಂದು ಆಟ. ಮನೆಯಲ್ಲಿ ಮಾಡುವವರು ಇನ್ನೆರಡು ವಿಷಯ ನೆನಪಿಡಿ. ಮಣ್ಣಿನ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್‌ನಲ್ಲಿ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ತಿಳಿನೀರು ಗಿಡಕ್ಕೆ ಆಗುತ್ತದೆ. ಒಣಗಿದ ಮಣ್ಣನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಸಣ್ಣ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ತಿಗರಿ. ಮಣ್ಣಿನ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುವುದೇ ಮೊದಲ ಪಾಠ. ತಿಗರಿ ಸುತ್ತುತ್ತಿದ್ದರೂ ಮುದ್ದೆ ಅಲುಗದೆ ನಿಂತಂತೆ ಕಾಣಬೇಕು. ಅದಾಗದೆ ಮುಂದಿನದು ಯಾವುದೂ ಆಗುವುದಿಲ್ಲ. ಎಲ್ಲರೂ ಇದನ್ನು ತೋಳಿನ ಬಲದಿಂದ ಮಾಡಲು ಹೋಗುತ್ತಾರೆ. ಬೇಕಾಗಿರುವುದು ಮೈಭಾರ. ಮೊಣಕೈಯನ್ನು ತೊಡೆಗೆ ಊರಿ, ಮುಂದಕ್ಕೆ ಬಾಗಿ, ಕೈಯನ್ನು ಅಲುಗಿಸದೆ ಹಿಡಿಯಬೇಕು. "ಅದರ ಕೂಡ ಗುದ್ದಾಡಬ್ಯಾಡ ತಂಗಿ. ನಿನ್ನ ಕೈ ನಿಂತರೆ ಅದೂ ನಿಲ್ಲುತ್ತೆ" ಅಂದರು ಅಜ್ಜ. ಮುದ್ದೆಯನ್ನು ಗೋಪುರದ ಹಾಗೆ ಮೇಲಕ್ಕೆತ್ತಿ ಮತ್ತೆ ಕೆಳಗೆ ಒತ್ತುವುದನ್ನು ಕೆಲವು ಸಲ ಮಾಡಿದರೆ ಮಣ್ಣೆಲ್ಲ ಒಂದೇ ಹದಕ್ಕೆ ಬರುತ್ತದೆ. ಕೈ ತೆಗೆಯುವಾಗ ಮೆಲ್ಲಗೆ ತೆಗೆಯಬೇಕು. ತಟ್ಟನೆ ಬಿಟ್ಟರೆ ಮುದ್ದೆ ಮತ್ತೆ ಓಲಾಡುತ್ತದೆ. ಕಣ್ಣು ಮುಚ್ಚಿ ಹಿಡಿದರೆ ಅಲುಗಾಟ ಬೆರಳಿಗೆ ಬೇಗ ಗೊತ್ತಾಗುತ್ತದೆ. ಇದು ನನಗೆ ತುಂಬಾ ನೆರವಾಯಿತು.

ನಿಂತ ಮೇಲೆ ನಡುವೆ ಹೆಬ್ಬೆರಳು ಇಳಿಸಿ ಬಾಯಿ ತೆರೆಯುವುದು. ತಳ ಒಂದು ಸೆಂಟಿಮೀಟರಿನಷ್ಟು ಉಳಿಯಬೇಕು. ಸೂಜಿ ಚುಚ್ಚಿ ಅಳೆಯಬಹುದು. ಆಮೇಲೆ ತಳವನ್ನು ಬೆರಳಿನಿಂದ ಅದುಮಿ ಗಟ್ಟಿ ಮಾಡಬೇಕು. ಅದುಮದಿದ್ದರೆ ಆರುವಾಗ ತಳದಲ್ಲಿ ಬಿರುಕು ಬರುತ್ತದೆ. ಗೋಡೆ ಎತ್ತುವಾಗ ಎಡಗೈ ಒಳಗೆ, ಬಲಗೈ ಹೊರಗೆ, ತಿಗರಿ ನಿಧಾನ. ಬಾಯಿಯ ಅಂಚಿಗೆ ಒದ್ದೆ ಬಟ್ಟೆಯ ಚೂರು ಹಿಡಿದರೆ ನುಣ್ಣಗಾಗುತ್ತದೆ.

ಶುರುವಿನಲ್ಲಿ ಅಜ್ಜ ನನಗೆ ಏನನ್ನೂ ಇಟ್ಟುಕೊಳ್ಳಲು ಬಿಡಲಿಲ್ಲ. ಲೋಟ ಎದ್ದು ನಿಂತ ಕೂಡಲೇ ದಾರದಿಂದ ಮೇಲಿನಿಂದ ಕೆಳಗೆ ಎರಡು ಹೋಳು ಮಾಡಿಸುತ್ತಿದ್ದರು. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಬುಡದಲ್ಲಿ ಎಷ್ಟು ಮಣ್ಣು ಉಳಿದಿದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮನೆಯಲ್ಲಿ ಹೊತ್ತು ಕಡಿಮೆ ಇದ್ದಾಗ ಈಗಲೂ ಹೀಗೆ ಮಾಡುತ್ತೇನೆ. ಇಟ್ಟುಕೊಳ್ಳಬೇಕು ಅಂದರೆ ಆರಿಸಬೇಕು, ತಳ ಕೆರೆಯಬೇಕು, ಜಾಗ ಬೇಕು. ಕತ್ತರಿಸಿ ನೋಡಿ ಮುದ್ದೆ ಮಾಡಿ ಇಟ್ಟರೆ ಅರ್ಧ ಗಂಟೆಯಲ್ಲಿ ಕಲಿಕೆ ಪೂರ್ತಿ.

ಗಡಿಬಿಡಿಯ ಮನೆಗೆ ಹೇಳಿ ಮಾಡಿಸಿದ ಇನ್ನೊಂದು ಪದ್ಧತಿ ನಮ್ಮ ಕುಂಬಾರರಲ್ಲೇ ಇದೆ. ಹಣತೆ ಮಾಡುವಾಗ ಒಂದೊಂದಕ್ಕೂ ಬೇರೆ ಮುದ್ದೆ ಇಡುವುದಿಲ್ಲ. ದೊಡ್ಡದೊಂದು ಗುಡ್ಡೆ ಇಟ್ಟು, ಅದರ ತುದಿಯನ್ನು ಮಾತ್ರ ನಡುವಿಗೆ ತಂದು, ಹಣತೆ ಮಾಡಿ, ದಾರದಿಂದ ಕೊಯ್ದು ತೆಗೆಯುತ್ತಾರೆ. ಕೂಡಲೇ ಕೆಳಗಿನ ಮಣ್ಣಿನಲ್ಲಿ ಮುಂದಿನದು. ಬೆಳಿಗ್ಗೆ ಐದೂವರೆಗೆ ಕೂತರೆ ಹಾಲು ಬರುವಷ್ಟರಲ್ಲಿ ಹಲಗೆ ತುಂಬುತ್ತದೆ. ಕಾರ್ತಿಕದ ದೀಪಕ್ಕೆ ನಮ್ಮ ಮನೆಗೂ ಅಕ್ಕಪಕ್ಕದವರಿಗೂ ಈಗ ನನ್ನದೇ ಹಣತೆ.

ಆರುವ ವಿಷಯದಲ್ಲಿ ದಾವಣಗೆರೆಯ ಹವಾಮಾನವೇ ಯಜಮಾನ. ತಿಗರಿಯಿಂದ ಇಳಿದ ಪಾತ್ರೆಯ ತಳವನ್ನು ಕೆರೆದು ತಿದ್ದಲು ಒಂದು ಹದ ಇದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಆಕಾರ ಕೆಡಬಾರದು. ಏಪ್ರಿಲ್‌ನ ಒಣಗಾಳಿಗೆ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೇ ಆ ಹದಕ್ಕೆ ಬರುತ್ತದೆ, ಸಂಜೆಗೆ ಮೀರಿರುತ್ತದೆ. ಆಷಾಢದಲ್ಲಿ ಎರಡು ಮೂರು ದಿನವಾದರೂ ಒದ್ದೆ. ನಾನು ಆಫೀಸಿನಲ್ಲಿರುವಾಗ ಈ ಹದವನ್ನು ಕಾಯುವವರು ಅತ್ತೆ. ಮೊದಮೊದಲು "ಮಣ್ಣಿನ ಕೈಲಿ ಒಳಗೆ ಬರಬ್ಯಾಡವ್ವ" ಅನ್ನುತ್ತಿದ್ದವರು. ಒಂದು ಮಧ್ಯಾಹ್ನ ತಾವಾಗಿಯೇ ಪಾತ್ರೆ ಮುಟ್ಟಿ ನೋಡಿ ಪ್ಲಾಸ್ಟಿಕ್ ಹೊದಿಸಿದ್ದರು. ಜೀವನವಿಡೀ ಜೋಳದ ರೊಟ್ಟಿ ಹಿಟ್ಟು ನಾದಿದ ಕೈ ಅದು. ಹಿಟ್ಟಿನ ಹದ ಹೇಗೋ ಮಣ್ಣಿನ ಹದವೂ ಹಾಗೇ ಅವರ ಬೆರಳಿಗೆ ತಿಳಿಯುತ್ತದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಅವರು ಹೊದಿಸುತ್ತಾರೆ, ರಾತ್ರಿ ಊಟ ಆದ ಮೇಲೆ ನಾನು ತಳ ತಿದ್ದುತ್ತೇನೆ. ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಪಾತ್ರೆ ಭಾನುವಾರದ ತನಕವೂ ಅದೇ ಹದದಲ್ಲಿ ಉಳಿಯುತ್ತದೆ. ಮಗುವಿಗೆ ಜ್ವರ ಬಂದರೂ, ಮನೆಗೆ ನೆಂಟರು ಬಂದರೂ ಮಣ್ಣು ಕಾಯುತ್ತದೆ. ಈ ಒಂದು ಗುಣಕ್ಕಾಗಿ ನಾನು ಈ ಕೆಲಸವನ್ನು ಇಷ್ಟಪಡುತ್ತೇನೆ.

ಮಕ್ಕಳದೂ ಪಾಲಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವವರು ಅವರೇ. ತಿಗರಿ ಬೇಕಿಲ್ಲ, ಸುಡಬೇಕಿಲ್ಲ. ಪೂಜೆಗೆ ಕೋಡು, ಭುಜ ನೆಟ್ಟಗಿದ್ದರೆ ಆಯಿತು. ಚಿಕ್ಕವಳು ಎತ್ತಿಗೆ ಮೇವು ಹಾಕುವ ಗ್ವಾದಲಿಯನ್ನೂ ಮಾಡುತ್ತಾಳೆ.

ಸುಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಮಡಕೆ ಸುಡುವ ಗೂಡಿಗೆ ಆವಿಗೆ ಅಂತಾರೆ. ಅಜ್ಜ ಆವಿಗೆ ಹಾಕುವಾಗ ನನ್ನವನ್ನೂ ಸೇರಿಸುತ್ತಾರೆ. ಜಾಗಕ್ಕೂ ಸೌದೆಗೂ ಹಣ ಕೊಡುತ್ತೇನೆ. ಮಳೆಗಾಲದಲ್ಲಿ ಆವಿಗೆ ಇಲ್ಲ. ಆಗ ಆರಿದ ಪಾತ್ರೆಗಳು ಅಟ್ಟದಲ್ಲಿ ಕಾಯುತ್ತವೆ. ಕಾರ್ತಿಕಕ್ಕೆ ಮುಂಚೆ ಹಣತೆ, ಬೇಸಿಗೆಗೆ ಮುಂಚೆ ನೀರಿನ ಗಡಿಗೆ, ಇದು ಅವರ ಕ್ಯಾಲೆಂಡರ್. ಮೊದಲ ಕೆಲವು ಗಂಟೆ ಬೆಂಕಿ ತೀರಾ ಸಣ್ಣದು. ಒಣಗಿದಂತೆ ಕಂಡರೂ ಮಣ್ಣಿನಲ್ಲಿ ನೀರಿನ ಪಸೆ ಇರುತ್ತದೆ. 100 ಡಿಗ್ರಿ ದಾಟುವಾಗ ಅದು ಆವಿಯಾಗಿ ಹೊರಬರಬೇಕು. ಅವಸರ ಮಾಡಿದರೆ ಪಾತ್ರೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕಣ ತಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅಲ್ಲೇ ಕುಗ್ಗುತ್ತದೆ. ಆವಿಗೆಯನ್ನು ಬೇಗ ಬಿಚ್ಚಬಾರದು ಅನ್ನುವುದು ಇದಕ್ಕೇ. ಅಜ್ಜನ ಹತ್ತಿರ ಥರ್ಮಾಮೀಟರ್ ಇಲ್ಲ. ಹೊಗೆಯ ಬಣ್ಣ, ಸಂದಿಯಲ್ಲಿ ಕಾಣುವ ಕೆಂಪು ನೋಡಿ ಹೇಳುತ್ತಾರೆ.

ಒಂದೇ ಮಣ್ಣು ಕೆಂಪೂ ಆಗುತ್ತದೆ, ಕಪ್ಪೂ ಆಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಗಾಗುತ್ತದೆ. ಕೊನೆಯಲ್ಲಿ ಗಾಳಿ ಮುಚ್ಚಿ ಹೊಗೆ ಕೂಡಿಸಿದರೆ ಕಪ್ಪು. ಇದು ತಿಳಿದ ಮೇಲೆ ಚಿತ್ರದುರ್ಗವನ್ನು ನಾನು ನೋಡುವ ರೀತಿಯೇ ಬದಲಾಯಿತು. ನಮ್ಮಿಂದ ಸುಮಾರು 60 ಕಿ.ಮೀ. ಅಷ್ಟೇ. ಕೋಟೆ ಹತ್ತಲು ಎಲ್ಲರೂ ಹೋಗುತ್ತೇವೆ. ಕೋಟೆ ಪಕ್ಕದ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಬ್ರಹ್ಮಗಿರಿಯ ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿಗಳ ಜೊತೆ ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲೇ ತಟ್ಟಿದ ಮಡಕೆ. ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆ. ಇನ್ನೂ ಮೇಲೆ, ಸಾತವಾಹನರ ಕಾಲಕ್ಕೆ, ತಿಗರಿಯಲ್ಲಿ ಎತ್ತಿದ, ಬಿಳಿ ಗೆರೆ ಎಳೆದ ಕೆಂಗಂದು ಪಾತ್ರೆ. ಅಂಥ ಪಾತ್ರೆಚೂರಿನ ಒಳಮೈಯಲ್ಲಿ ಬೆರಳು ಸುತ್ತಿದ ಗೆರೆಗಳಿರುತ್ತವೆ. ನನ್ನ ಲೋಟದೊಳಗೂ ಅದೇ ಗೆರೆಗಳು. ಮಕ್ಕಳಿಗೆ ಇತಿಹಾಸ ಹೇಳಿಕೊಡಲು ಇದಕ್ಕಿಂತ ಬೇರೆ ದಾರಿ ಬೇಕಾಗಲಿಲ್ಲ.

ನಾನು ಪಾತ್ರೆಗೆ ಗಾಜಿನಂಥ ಹೊಳಪಿನ ಲೇಪ (ಗ್ಲೇಜ್) ಕೊಡುವುದಿಲ್ಲ. ಹದ ಹಸಿಯಿರುವಾಗ ಕೆಮ್ಮಣ್ಣಿನ ನೀರು ಬಳಿದು, ನುಣುಪು ಬೆಣಚುಕಲ್ಲಿನಿಂದ ಉಜ್ಜುತ್ತೇನೆ. ಹಾಗಾಗಿ ಪಾತ್ರೆಯ ಮೈಯಲ್ಲಿ ಸಣ್ಣ ರಂಧ್ರ ಉಳಿಯುತ್ತದೆ. ಗಡಿಗೆಯ ನೀರು ತಣ್ಣಗಿರುವುದು ಆ ರಂಧ್ರದಿಂದಲೇ. ಒಸರಿದ ನೀರು ಆವಿಯಾಗುತ್ತಾ ಒಳಗಿನ ಶಾಖ ಎಳೆದುಕೊಳ್ಳುತ್ತದೆ. ಮೊಸರು ಗಟ್ಟಿಯಾಗುವುದೂ ಗೋಡೆ ನೀರು ಹೀರುವುದರಿಂದ. ಅಡುಗೆಯ ಕುಡಿಕೆಯನ್ನು ಮಾತ್ರ ಒಂದು ದಿನ ನೀರಲ್ಲಿ ನೆನೆಸಿ, ಗಂಜಿ ಕುದಿಸಿ ಪಳಗಿಸಬೇಕು. ಗಂಜಿ ರಂಧ್ರಗಳನ್ನು ತುಂಬುತ್ತದೆ. ನಮ್ಮ ಅತ್ತೆ ಸಾರಿಗೆ ಇಟ್ಟುಕೊಂಡಿರುವುದು ನಾನು ಮಾಡಿದ ಕುಡಿಕೆ. ಸ್ಟೀಲ್ ಪಾತ್ರೆಗೆ ಅವರು ವಾಪಸ್ ಹೋಗಲಿಲ್ಲ.

ಕಲಿಯಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ. ತಿಗರಿ ಕೊಳ್ಳುವ ಮೊದಲು ಹತ್ತಿರದ ಕುಂಬಾರರ ಮನೆಗೆ ಹೋಗಿ. ಕಾರ್ತಿಕದ ಮುಂಚಿನ ಗಡಿಬಿಡಿಯಲ್ಲಿ ಬೇಡ, ಹಬ್ಬ ಮುಗಿದ ಮೇಲೆ ಹೋಗಿ. ಕಲಿಸಿದ್ದಕ್ಕೆ ಫೀಸು ಕೊಡಿ. ಸುಮ್ನೆ ಫೋಟೋ ತೆಗೆದುಕೊಂಡು ಬರಬೇಡಿ. ದಾವಣಗೆರೆಯ ಕೊಳಾಯಿ, ಪ್ಲಾಸ್ಟಿಕ್ ಕೊಡಗಳ ನಡುವೆ ಈ ವಿದ್ಯೆಯನ್ನು ಹಿಡಿದಿಟ್ಟವರು ಅವರು.

ನನಗೆ ಇನ್ನೂ ಬಾರದ್ದು ಹರವಿ. ದೊಡ್ಡ ನೀರಿನ ಪಾತ್ರೆ ಪೂರ್ತಿಯಾಗಿ ತಿಗರಿಯ ಮೇಲೆ ಆಗುವುದಿಲ್ಲ. ದಪ್ಪ ಗೋಡೆಯ ಚಿಕ್ಕ ಗಡಿಗೆ ಎತ್ತಿ, ತಳವಿಲ್ಲದೆ ಕೊಯ್ದು, ಸ್ವಲ್ಪ ಆರಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು ಹೊರಗೆ ಮರದ ಹಲಗೆಯಿಂದ ಬಡಿಯುತ್ತಾರೆ. ಬಡಿಯುತ್ತಾ ಬಡಿಯುತ್ತಾ ಹೊಟ್ಟೆ ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ, ತಳ ಕೂಡಿಕೊಳ್ಳುತ್ತದೆ. ಅಜ್ಜನ ಮನೆಯಲ್ಲಿ ಈ ಕೆಲಸದಲ್ಲಿ ಅಜ್ಜಿಯ ಕೈಯೇ ಮೇಲು. ಈ ಕೆಲಸವನ್ನು ಮಾತ್ರ ಅರ್ಧರ್ಧ ಗಂಟೆಗೆ ಹಂಚಲು ಬರುವುದಿಲ್ಲ, ಹದ ಮೀರುವ ಮೊದಲು ಇಡೀ ದಿನ ಕೂತು ಮತ್ತೆ ಮತ್ತೆ ಬಡಿಯಬೇಕು. ದಸರಾ ರಜೆಯಲ್ಲಿ ಮಕ್ಕಳನ್ನೂ ಕರೆದುಕೊಂಡು ಅಲ್ಲೇ ಉಳಿಯುತ್ತೇನೆ ಅಂತ ಅಜ್ಜಿಗೆ ಹೇಳಿದ್ದೇನೆ. ಹಲಗೆ ನಾನೇ ಕೊಡುತ್ತೇನೆ, ಬಾ ಅಂದಿದ್ದಾರೆ.