ಒಸಾಕಾದಲ್ಲಿ ತೋಳಿಗೊಂದು ಬೊತಾನ್ ಹೂವು: ಜಪಾನಿನ ಕೈಹಚ್ಚೆಯ ನನ್ನ ಅನುಭವ

ಜಪಾನಿಗೆ ಹೋದಾಗ ಹಚ್ಚೆ ಹಾಕಿಸಿಕೊಳ್ಳೋಣ ಅಂತಿದ್ದರೆ ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಹಸಿ ಹಚ್ಚೆಗೆ ಎರಡು ಮೂರು ವಾರ ಬಿಸಿನೀರಿನ ಕೊಳ, ಸಮುದ್ರ, ಬಿಸಿಲು ಯಾವುದೂ ಆಗಬಾರದು. ಅಷ್ಟು ದೂರ ಹೋಗಿ ಒನ್ಸೆನ್‌ಗೆ, ಅಂದರೆ ಅಲ್ಲಿನ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ, ಇಳಿಯದೆ ಬರೋಕೆ ಮನಸ್ಸು ಬರುತ್ತಾ? ನಾನು ಬಿಸಿನೀರಿನ ಸ್ನಾನಗಳನ್ನೆಲ್ಲ ಮುಗಿಸಿಕೊಂಡು ಆಮೇಲೆ ಒಸಾಕಾಗೆ ಹೋದೆ.

ಹೀಗೆ ಮಾಡಲು ಇನ್ನೊಂದು ಕಾರಣವೂ ಇತ್ತು. ಮೈಮೇಲೆ ಹಚ್ಚೆ ಇದ್ದರೆ ಎಷ್ಟೋ ಒನ್ಸೆನ್‌ಗಳಲ್ಲಿ ಒಳಗೆ ಬಿಡೋದಿಲ್ಲ. 2015ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಹೋಟೆಲ್, ಲಾಡ್ಜ್‌ಗಳನ್ನು ವಿಚಾರಿಸಿದಾಗ ಉತ್ತರ ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಪ್ರವೇಶ ಇಲ್ಲ ಅಂದಿದ್ದರು. ಹಚ್ಚೆ ಅಂದರೆ ಯಾಕೂಜಾ ಗ್ಯಾಂಗಿನವರು ಅನ್ನೋ ಭಯ ಅಲ್ಲಿ ಇನ್ನೂ ಇದೆ.

ಆದರೆ ಈ ಕಲೆ ಬೆಳೆದದ್ದು ದುಡಿಯುವ ಜನರ ಮೈಮೇಲೆ. ಎದೊ ಕಾಲದಲ್ಲಿ (1603–1868) ಬೆಂಕಿ ಆರಿಸುವವರು, ಬಡಗಿಗಳು, ಕೂಲಿಯವರು ಬೆನ್ನು ತುಂಬ ಬರೆಸಿಕೊಳ್ಳುತ್ತಿದ್ದರು. 1820ರ ದಶಕದ ಕೊನೆಯಲ್ಲಿ ಉತಾಗಾವಾ ಕುನಿಯೋಶಿ ಅನ್ನುವ ಚಿತ್ರಕಾರ ಸುಯಿಕೊದೆನ್ ಅನ್ನುವ ಚೀನೀ ಮೂಲದ ಕಥೆಯ ವೀರರನ್ನು ಮೈತುಂಬ ಹಚ್ಚೆಯ ಸಮೇತ ಮರದಚ್ಚಿನ ಚಿತ್ರಗಳಲ್ಲಿ ತಂದ ಮೇಲೆ ಊರಿಗೂರೇ ಅದರ ಹಿಂದೆ ಬಿತ್ತು. 1872ರಲ್ಲಿ, ಎದೊ ಕಾಲ ಮುಗಿದು ಬಂದ ಮೇಜಿ ಸರ್ಕಾರ ಹಚ್ಚೆಗೆ ನಿಷೇಧ ಹಾಕಿತು. ಅದು ತೆರವಾದದ್ದು 1948ರಲ್ಲಿ. ಅಷ್ಟು ವರ್ಷ ಕದ್ದುಮುಚ್ಚಿ ಬದುಕಿದ ವಿದ್ಯೆ ಇದು. ಆಮೇಲೂ ನೆಮ್ಮದಿ ಇರಲಿಲ್ಲ. ಹಚ್ಚೆ ಹಾಕೋದು ವೈದ್ಯಕೀಯ ಕೆಲಸ, ಡಾಕ್ಟರ್ ಲೈಸೆನ್ಸ್ ಬೇಕು ಅಂತ ಒಸಾಕಾದ ಒಬ್ಬ ಕಲಾವಿದರ ಮೇಲೆ ಕೇಸು ಹಾಕಿ ದಂಡ ವಿಧಿಸಿದರು. ಅವರು ಬಿಡಲಿಲ್ಲ. 2018ರಲ್ಲಿ ಒಸಾಕಾ ಹೈಕೋರ್ಟಿನಲ್ಲಿ ಗೆದ್ದರು, 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಾನು ಹೋದ ಸ್ಟುಡಿಯೋ ಒಂದು ಮಾಮೂಲಿ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿತ್ತು, ಹೊರಗೆ ಬೋರ್ಡ್ ಇರಲಿಲ್ಲ. ಇಷ್ಟೆಲ್ಲ ತಿಳಿದುಕೊಂಡು ಹೋಗಿದ್ದರಿಂದ ನನಗೆ ಅದು ವಿಚಿತ್ರ ಅನಿಸಲಿಲ್ಲ.

ಹೊರಡುವ ಎಷ್ಟೋ ತಿಂಗಳ ಮುಂಚೆಯೇ ಮೇಲ್ ಮಾಡಿದ್ದೆ. ಸುಮ್ನೆ 'ಒಂದು ಟ್ಯಾಟೂ ಬೇಕು' ಅಂತ ಬರೆದರೆ ಉತ್ತರ ಬರೋದು ಕಷ್ಟ. ಎಲ್ಲಿ ಬೇಕು, ಎಷ್ಟು ಸೆಂಟಿಮೀಟರ್, ಯಾವ ತಾರೀಕು ಅಂತ ಸರಳ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದು, ತೋಳಿನ ಫೋಟೊ ಹಗಲು ಬೆಳಕಲ್ಲಿ ತೆಗೆದು ಕಳಿಸಿದೆ. ಆ ಫೋಟೊ ಬಹಳ ಉಪಯೋಗಕ್ಕೆ ಬಂತು. ನಮ್ಮಂಥ ಕಂದು ಮೈಬಣ್ಣದ ಮೇಲೆ ತಿಳಿ ಹಳದಿ, ತಿಳಿ ಗುಲಾಬಿ ಅಷ್ಟು ಎದ್ದು ಕಾಣೋದಿಲ್ಲ, ಕಪ್ಪು ಮಸಿಯ ನೆರಳೇ ಚೆನ್ನ ಅಂತ ಹೊರಿಶಿ ಬರೆದರು. ಹಚ್ಚೆ ಹಾಕುವವರನ್ನು ಅಲ್ಲಿ ಹೊರಿಶಿ ಅಂತಾರೆ.

ನಾನು ಕೇಳಿದ್ದು ಕೊಯಿ ಮೀನು, ಜೊತೆಗೆ ಚೆರ್ರಿ ಹೂವು. ಕೊಯಿ ಜೊತೆಗೆ ಬರೋದು ಶರತ್ಕಾಲದ ಮೇಪಲ್ ಎಲೆ, ವಸಂತದ ಹೂವನ್ನು ಅದಕ್ಕೆ ಬೆರೆಸೋದಿಲ್ಲ ಅಂತ ಉತ್ತರ ಬಂತು. ಅದೂ ಅಲ್ಲದೆ, ಅಲೆ, ಗಾಳಿ, ಮೋಡದ ಹಿನ್ನೆಲೆ ಇಟ್ಟು ಮೀನು ಬರೆಯಲು ಒಂದು ಸಲ ಕೂತರೆ ಸಾಲದು. ಪ್ರವಾಸಿಗೆ ಒಂದೇ ಹೂವು, ಬೊತಾನ್, ಸರಿ ಅಂದರು. ಪಿಯೊನಿ ಅಂತೀವಲ್ಲ, ಆ ಹೂವು. ಅಲ್ಲಿ ಅದು ಹೂಗಳ ರಾಜ, ಸಿಂಹದ ಜೋಡಿ. ನಾನು ತಕ್ಷಣ ಒಪ್ಪಿಕೊಂಡೆ. ನಮ್ಮ ಪಟ್ಟಿ ಹಿಡಿದು ಹಟ ಮಾಡೋದಕ್ಕಿಂತ ಆ ಕೆಲಸದಲ್ಲೇ ಜೀವ ತೇದವರ ಮಾತು ಕೇಳೋದು ಒಳ್ಳೆಯದು.

ಹೊಟ್ಟೆ ತುಂಬ ಊಟ ಮಾಡಿಕೊಂಡು ಹೋದೆ. ನಗದು ಇಟ್ಟುಕೊಂಡಿದ್ದೆ. ಹೂವಿನ ಹೊರಗೆರೆಯನ್ನು ಅವರು ಮೆಶಿನ್ನಲ್ಲೇ ಎಳೆದರು, ಈಗ ತುಂಬ ಜನ ಹಾಗೇ ಮಾಡುತ್ತಾರೆ. ನೆರಳಿಗೆ ಮಾತ್ರ ತೆಬೊರಿ, ಅಂದರೆ ಕೈಕೆಲಸ. ಉದ್ದ ಕೋಲಿನ ತುದಿಗೆ ಸಾಲಾಗಿ ಕಟ್ಟಿದ ಸೂಜಿಗಳು. ಎಡಗೈಯಲ್ಲಿ ಚರ್ಮ ಬಿಗಿಹಿಡಿದು, ಅದೇ ಕೈಯ ಬೆರಳುಗಳ ನಡುವೆ ಮಸಿಯ ಕುಂಚ ಸಿಕ್ಕಿಸಿಕೊಂಡಿದ್ದರು. ಕೋಲನ್ನು ಎಡಗೈ ಹೆಬ್ಬೆರಳ ಮೇಲೆ ಆನಿಸಿ, ಓರೆಯಾಗಿ ಚುಚ್ಚಿ ಸ್ವಲ್ಪ ಮೇಲಕ್ಕೆ ಎತ್ತುತ್ತಾರೆ. ಸೂಜಿ ಚರ್ಮದಿಂದ ಹೊರಗೆ ಬರುವಾಗ ಶಕ್, ಶಕ್ ಅಂತ ಸಣ್ಣ ಸದ್ದು. ಮೆಶಿನ್ನಿನ ಗುಂಯ್ ಇಲ್ಲ, ರೂಮಲ್ಲಿ ಅದೊಂದೇ ಸದ್ದು. ನನಗಂತೂ ಮೆಶಿನ್ನಿಗಿಂತ ನೋವು ಕಮ್ಮಿ ಅನಿಸಿತು, ತೋಳಿನ ಒಳಬದಿ ಬಿಟ್ಟು. ಎಸಳಿನ ಬುಡದಲ್ಲಿ ಕಡುಕಪ್ಪು, ತುದಿಗೆ ಬರುತ್ತಾ ತಿಳಿಯಾಗಿ ಚರ್ಮದಲ್ಲೇ ಕರಗಿಹೋಗುತ್ತದೆ. ಇದಕ್ಕೆ ಬೊಕಾಶಿ ಅಂತಾರೆ. ಇದೊಂದಕ್ಕಾಗಿಯೇ ಅಲ್ಲಿಗೆ ಹೋಗಬಹುದು.

ನಮ್ಮಜ್ಜಿಯ ಮುಂಗೈಯಲ್ಲೂ ಹಚ್ಚೆ ಇತ್ತು. ಊರಿಗೆ ಬರುತ್ತಿದ್ದ ಹೆಂಗಸು ಸೂಜಿಗಳನ್ನು ದಾರದಲ್ಲಿ ಕಟ್ಟಿ, ಮಸಿಗೆ ಅದ್ದಿ, ಹಾಡು ಹೇಳುತ್ತಾ ಚುಚ್ಚಿದ್ದಂತೆ. ಫೋನಿನ ಅನುವಾದದಲ್ಲಿ ಇದನ್ನು ಹೇಳಿದಾಗ ಹೊರಿಶಿ ಕೋಲು ಕೆಳಗಿಟ್ಟು, ಎಂಥ ಮಸಿ, ಏನು ಹಾಡು ಅಂತ ಒಂದೊಂದಾಗಿ ಕೇಳಿದರು.

ಈಗಾಗಲೇ ಹಚ್ಚೆ ಇರುವವರೂ ಸ್ನಾನ ಬಿಡಬೇಕಿಲ್ಲ. ಕಿನೊಸಾಕಿ ಅನ್ನುವ ಒನ್ಸೆನ್ ಊರಿನ ಸಾರ್ವಜನಿಕ ಸ್ನಾನದ ಮನೆಗಳಲ್ಲಿ, ಮತ್ಸುಯಾಮಾದ ದೊಗೊ ಒನ್ಸೆನ್‌ನಲ್ಲಿ ಹಚ್ಚೆಗೆ ಅಡ್ಡಿಯಿಲ್ಲ. ಬೀದಿಯ ಸೆಂಟೊ ಅನ್ನುವ ಸ್ನಾನದ ಮನೆಗಳಲ್ಲೂ ಬಹಳ ಕಡೆ ಬಿಡುತ್ತಾರೆ. ಬೇರೆ ಕಡೆ ಮೊದಲೇ ಕೇಳಿ. ಚಿಕ್ಕದಾದರೆ ಮೈಬಣ್ಣದ ಸ್ಟಿಕರ್ ಅಂಟಿಸಿಕೊಂಡರೆ ಸಾಕು ಅನ್ನುವವರೂ ಇದ್ದಾರೆ. ಬಾಡಿಗೆಗೆ ಸಿಗುವ ಖಾಸಗಿ ಕೊಳವೂ ಇರುತ್ತದೆ. ನಾನು ಹಾಕಿಸಿಕೊಂಡ ಮೇಲೆ ರೈಲು, ಹೋಟೆಲ್, ದೇವಸ್ಥಾನ ಎಲ್ಲ ಕಡೆ ತುಂಬುತೋಳಿನ ಅಂಗಿಯಲ್ಲೇ ಇದ್ದೆ. ಯಾರೂ ಹೇಳಿದ್ದಲ್ಲ. ಆ ಊರಲ್ಲಿ ಹಚ್ಚೆ ಇದ್ದವರೇ ಹಾಗಿರುವಾಗ ನಾವೂ ಹಾಗಿರೋದು ಮರ್ಯಾದೆ ಅಲ್ವಾ.

ಮನೆಗೆ ಬಂದ ಮೇಲೆ ವಾಸನೆಯಿಲ್ಲದ ಸೋಪು, ಅವರು ಹೇಳಿದ ಮುಲಾಮು ತೆಳ್ಳಗೆ, ಅಷ್ಟೇ. ಸಿಪ್ಪೆ ಏಳುವಾಗ ವಿಪರೀತ ಕೆರೆತ ಬರುತ್ತದೆ, ಉಗುರು ತಾಗಿಸಬೇಡಿ, ಬಣ್ಣ ಕಿತ್ತುಬರುತ್ತದೆ. ಪೂರ್ತಿ ಮಾಗಿದ ಮೇಲೆ ಒಂದು ಫೋಟೊ ತೆಗೆದು ಹೊರಿಶಿಗೆ ಕಳಿಸಿ. ಊರು ಬಿಟ್ಟು ಹೋದವರ ಹಚ್ಚೆ ಹೇಗೆ ಕೂತಿತು ಅಂತ ನೋಡಲು ಅವರಿಗೆ ಬೇರೆ ದಾರಿ ಇರೋದಿಲ್ಲ.