ಅಣು ಪ್ರೋಟೀನಿಗೆ ಎಷ್ಟು ಅಂಟುತ್ತದೆ? ಕಾಲೇಜು ಲ್ಯಾಬಿನಲ್ಲೇ ಅಳೆಯುವ ಬಗೆ

ಮುರುಗಲು, ಉಪ್ಪಾಗೆ, ಅರಿಶಿನ: ಉತ್ತರ ಕನ್ನಡದ ಯಾವ ಕಾಲೇಜಿನ ಪ್ರಾಜೆಕ್ಟಿಗೂ ಸುಲಭವಾಗಿ ಸಿಗುವ ಸಾಮಗ್ರಿ. ಮುರುಗಲಿನ ರಸವನ್ನು ಪ್ರೋಟೀನ್ ದ್ರಾವಣಕ್ಕೆ ಹಾಕಿ, ಪ್ರೋಟೀನ್ ಹೊರಸೂಸುವ ಬೆಳಕು ಕುಂದಿತು, ಹಾಗಾಗಿ ರಸದ ಅಣು ಅದಕ್ಕೆ ಅಂಟಿತು ಎಂದು ಬರೆದುಬಿಡುವುದೂ ಅಷ್ಟೇ ಸುಲಭ. ಆದರೆ ರಸಕ್ಕೆ ಮೋಲಾರ್ ಸಾಂದ್ರತೆ ಎಂಬುದಿಲ್ಲ. ಹಲವು ಬಗೆಯ ಅಣುಗಳ ಕಲಸು ಅದು, ಜೊತೆಗೆ ಅದರದೇ ಕೆಂಪು ಬಣ್ಣ ಬೇರೆ. ಒಂದೇ ಶುದ್ಧ ಅಣು, ಒಂದೇ ಶುದ್ಧ ಪ್ರೋಟೀನ್ ಹಿಡಿದು ಮೊದಲು ಕೈ ಪಳಗಿಸಿಕೊಳ್ಳಬೇಕು. ಅದಕ್ಕೆ ಮಿಥೈಲ್ ಆರೆಂಜ್ ಬಣ್ಣ ಮತ್ತು ಗೋವಿನ ರಕ್ತದ ಆಲ್ಬುಮಿನ್ (ಬಿಎಸ್‌ಎ) ಒಳ್ಳೆಯ ಜೋಡಿ. 1940ರ ದಶಕದಲ್ಲೇ ಅಮೆರಿಕದ ಇರ್ವಿಂಗ್ ಕ್ಲಾಟ್ಸ್ ಈ ಜೋಡಿಯನ್ನು ಡಯಾಲಿಸಿಸ್ ಚೀಲದಲ್ಲಿಟ್ಟು ಅಳೆದಿದ್ದರು. ಅದರ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣದಂಥ ಸಣ್ಣ ಅಣು ಒಳಗೂ ಹೊರಗೂ ಓಡಾಡುತ್ತದೆ, ದೊಡ್ಡ ಪ್ರೋಟೀನ್ ಒಳಗೇ ಉಳಿಯುತ್ತದೆ.

ಅಳೆಯಬೇಕಾದದ್ದು ವಿಯೋಜನ ಸ್ಥಿರಾಂಕವನ್ನು, ಅಂದರೆ ಕೆ-ಡಿಯನ್ನು. ಪ್ರೋಟೀನಿನಲ್ಲಿ ಅಣು ಅಂಟುವ ಜಾಗಗಳಲ್ಲಿ ಅರ್ಧ ತುಂಬಿರುವಾಗ ದ್ರಾವಣದಲ್ಲಿ ಅಂಟದೆ ಉಳಿದಿರುವ ಅಣುವಿನ ಸಾಂದ್ರತೆ ಅದು. ಅದರ ಹತ್ತನೇ ಒಂದರಷ್ಟು ಸಾಂದ್ರತೆಯಲ್ಲಿ ಶೇ 9, ಹತ್ತು ಪಟ್ಟಿನಲ್ಲಿ ಶೇ 91 ಜಾಗ ತುಂಬಿರುತ್ತದೆ. ಲೆಕ್ಕಕ್ಕೆ ಬರುವುದು ಅಂಟದೆ ಉಳಿದದ್ದು, ನಾವು ಸುರಿದದ್ದಲ್ಲ. ಬಹುತೇಕ ತಪ್ಪುಗಳು ಹುಟ್ಟುವುದು ಇವೆರಡನ್ನು ಒಂದೇ ಎಂದುಕೊಂಡಾಗ. ಡಯಾಲಿಸಿಸ್ ನಿಧಾನವಾದರೂ ಉಳಿದದ್ದನ್ನೇ ನೇರವಾಗಿ ತೋರಿಸುತ್ತದೆ. ಬೇಕಾಗುವ ಯಂತ್ರವೂ ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸಾಮಾನ್ಯ ಸ್ಪೆಕ್ಟ್ರೊಫೋಟೊಮೀಟರ್ ಅಷ್ಟೇ.

ದ್ರಾವಣಗಳು

ಬಫರ್: 20 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7.4, ಅದರಲ್ಲಿ 150 ಮಿಲಿಮೋಲಾರ್ ಉಪ್ಪು. ಒಂದು ಲೀಟರ್ ಒಮ್ಮೆಲೇ ಮಾಡಿಟ್ಟುಕೊಂಡು ಎಲ್ಲಕ್ಕೂ ಅದನ್ನೇ ಬಳಸಿ. ಈ ಪಿಎಚ್‌ನಲ್ಲಿ ಬಿಎಸ್‌ಎಗೂ ಮಿಥೈಲ್ ಆರೆಂಜಿಗೂ ಋಣ ವಿದ್ಯುದಂಶ. ಉಪ್ಪು ಕಡಿಮೆಯಾದರೆ ಬಣ್ಣ ಚೀಲದ ಒಳಗೂ ಹೊರಗೂ ಸಮನಾಗಿ ಹಂಚಿಕೊಳ್ಳುವುದಿಲ್ಲ, ಲೆಕ್ಕ ವಾಲುತ್ತದೆ. ರಾತ್ರಿಯಿಡೀ ಇಡುವುದರಿಂದ ಬ್ಯಾಕ್ಟೀರಿಯಾ ಬೆಳೆಯದಂತೆ ಶೇ 0.02 ಸೋಡಿಯಂ ಅಜೈಡ್ ಹಾಕಬಹುದು. ಅದು ವಿಷ. ಆಮ್ಲದ ಜೊತೆ ಬೆರೆಸಬಾರದು, ಲೋಹದ ಪೈಪಿರುವ ಸಿಂಕಿಗೆ ಚೆಲ್ಲಬಾರದು.

ಬಿಎಸ್‌ಎ: ಫ್ಯಾಟಿ ಆಸಿಡ್ ತೆಗೆದದ್ದೇ ಆಗಬೇಕು. ಇಲ್ಲವಾದರೆ ಅಣು ಕೂರಬೇಕಾದ ಜಾಗದಲ್ಲಿ ಕೊಬ್ಬಿನಾಮ್ಲ ಮೊದಲೇ ಕೂತಿರುತ್ತದೆ. ಬೇಕಾದ ಸಾಂದ್ರತೆ 30 ಮೈಕ್ರೊಮೋಲಾರ್, ಅಂದರೆ ಮಿ.ಲೀ.ಗೆ ಸುಮಾರು 2 ಮಿ.ಗ್ರಾಂ. ಕಾರವಾರದ ಜುಲೈ ತಿಂಗಳಲ್ಲಿ ತಕ್ಕಡಿಯನ್ನು ನಂಬಬೇಡಿ. ಡಬ್ಬಿ ತೆರೆದ ಕ್ಷಣದಿಂದ ಪುಡಿ ಗಾಳಿಯ ನೀರನ್ನು ಹೀರುತ್ತದೆ, ತೂಗಿದ್ದರಲ್ಲಿ ಒಂದಷ್ಟು ನೀರೇ ಇರುತ್ತದೆ. ಫ್ರಿಜ್‌ನಿಂದ ತೆಗೆದ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. 80 ಮಿ.ಲೀ.ಗೆ 175 ಮಿ.ಗ್ರಾಂ ತೂಗಿ, ನೊರೆ ಬರದಂತೆ ಕರಗಿಸಿ, ನಂತರ ಬೆಳಕಿನಿಂದ ಅಳೆಯಿರಿ. ಸ್ವಲ್ಪ ತೆಗೆದು ಅಷ್ಟೇ ಬಫರ್ ಬೆರೆಸಿದರೆ 280 ನ್ಯಾನೊಮೀಟರ್‌ನಲ್ಲಿ, 1 ಸೆಂ.ಮೀ. ಕುವೆಟ್‌ನಲ್ಲಿ (ಯಂತ್ರದೊಳಗೆ ದ್ರಾವಣ ಇಡುವ ಪುಟ್ಟ ಪಾತ್ರೆ), ಹೀರಿಕೆ 0.66 ಬರಬೇಕು. ಹೆಚ್ಚಿದ್ದರೆ ಮೂಲ ದ್ರಾವಣಕ್ಕೆ ಬಫರ್ ಸೇರಿಸಿ ಸರಿಪಡಿಸಿ. ಇದಕ್ಕೆ ಕ್ವಾರ್ಟ್ಜ್ ಕುವೆಟ್ಟೇ ಬೇಕು. ಗಾಜು ಆ ಬೆಳಕನ್ನು ತಾನೇ ನುಂಗುತ್ತದೆ. ತಣ್ಣಗಿನ ದ್ರಾವಣ ಸುರಿದರೆ ಕರಾವಳಿಯ ಗಾಳಿಗೆ ಕುವೆಟ್ ಹೊರಮೈ ಬೆವರುತ್ತದೆ, ಓದು ಹುಸಿಯಾಗಿ ಏರುತ್ತದೆ.

ಮಿಥೈಲ್ ಆರೆಂಜ್: 10, 20, 40, 80, 120, 160 ಮೈಕ್ರೊಮೋಲಾರ್‌ನ ಆರು ದ್ರಾವಣಗಳು. ಪ್ರೋಟೀನ್ ಇಲ್ಲದ ಬಫರ್‌ನಲ್ಲಿ 464 ನ್ಯಾನೊಮೀಟರ್ ಬಳಿ ಅಳೆದು ಮಾಪನ ರೇಖೆ ಎಳೆದಿಟ್ಟುಕೊಳ್ಳಿ. ಹೀರಿಕೆ 1 ದಾಟುವಂಥದ್ದನ್ನು ತೆಳುಮಾಡಿಯೇ ಓದಿ.

ಚೀಲ ಕಟ್ಟುವುದು

12–14 ಕಿಲೊಡಾಲ್ಟನ್ ತಡೆಯುವ ಡಯಾಲಿಸಿಸ್ ಟ್ಯೂಬ್ ಸಾಕು. ಬಿಎಸ್‌ಎ 66 ಕಿಲೊಡಾಲ್ಟನ್, ಹೊರಬರಲಾರದು. ಟ್ಯೂಬಿಗೆ ಸವರಿರುವ ಗ್ಲಿಸರಿನ್ ಹೋಗಲು ಶೇ 2 ಸೋಡಿಯಂ ಬೈಕಾರ್ಬನೇಟ್ ಮತ್ತು 1 ಮಿಲಿಮೋಲಾರ್ ಇಡಿಟಿಎ ಇರುವ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಒಣಗಲು ಬಿಡಬಾರದು, ಬಿರುಕು ಬಿಡುತ್ತದೆ. ಕೈಗವಸು ಹಾಕಿಕೊಂಡೇ ಮುಟ್ಟಿ.

ಚೀಲದೊಳಗೆ 5 ಮಿ.ಲೀ. ಬಿಎಸ್‌ಎ, ಹೊರಗಿನ ಮುಚ್ಚಳದ ಕೊಳವೆಯಲ್ಲಿ 5 ಮಿ.ಲೀ. ಬಣ್ಣ. ಪ್ರತಿ ಸಾಂದ್ರತೆಗೂ ಎರಡು ಚೀಲ ಬಿಎಸ್‌ಎ ಜೊತೆ, ಒಂದು ಬರೀ ಬಫರ್ ಜೊತೆ. ಬಣ್ಣವಿಲ್ಲದೆ ಪ್ರೋಟೀನ್ ಮಾತ್ರ ಇರುವ ಚೀಲವೊಂದು ಬೇರೆ ಇರಲಿ. ಅದರ ಹೊರಗಿನ ದ್ರಾವಣದಲ್ಲಿ 280ರಲ್ಲಿ ಹೀರಿಕೆ ಕಂಡರೆ ಗಂಟು ಸೋರಿದೆ ಎಂದರ್ಥ.

25 ಡಿಗ್ರಿಯಲ್ಲಿ ನಿಧಾನವಾಗಿ ಅಲುಗಾಡಿಸುತ್ತ 16–18 ಗಂಟೆ ಬಿಡಿ. ಕೆ-ಡಿ ಉಷ್ಣಾಂಶದ ಜೊತೆ ಬದಲಾಗುತ್ತದೆ. ಘಟ್ಟದ ಮೇಲಿನ ಶಿರಸಿಯ ಜನವರಿ ರಾತ್ರಿಯೂ ಕಾರವಾರದ ಮೇ ಮಧ್ಯಾಹ್ನವೂ ಒಂದಲ್ಲ. ‘ಕೋಣೆಯ ಉಷ್ಣಾಂಶ’ ಎಂದಷ್ಟೇ ಬರೆದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೊಂದದು. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಶೇಕರ್ ನಿಂತು ಸಮತೋಲ ತಡವಾಗುತ್ತದೆ. ಸಮತೋಲ ಬಂದಿದೆಯೇ ಎಂದು ತಿಳಿಯುವ ಭದ್ರ ದಾರಿ ಇದು: ಒಂದು ಚೀಲದಲ್ಲಿ ಅಷ್ಟೇ ಬಣ್ಣವನ್ನು ಪ್ರೋಟೀನಿನ ಜೊತೆ ಒಳಗಿಟ್ಟು, ಹೊರಗೆ ಬರೀ ಬಫರ್ ಹಾಕಿ ಶುರುಮಾಡಿ. ಎರಡೂ ದಿಕ್ಕಿನಿಂದ ಹೊರಗಿನ ಸಾಂದ್ರತೆ ಒಂದೇ ಬಂದರೆ ಸರಿ, ಇಲ್ಲವಾದರೆ ಇನ್ನೂ ಹೊತ್ತು ಬೇಕು.

ಕೊನೆಯಲ್ಲಿ ಓದುವುದು ಹೊರಗಿನ ದ್ರಾವಣವನ್ನು ಮಾತ್ರ. ಪ್ರೋಟೀನಿಗೆ ಅಂಟಿದ ಮಿಥೈಲ್ ಆರೆಂಜಿನ ಬಣ್ಣವೇ ಬದಲಾಗುವುದರಿಂದ ಒಳಗಿನದಕ್ಕೆ ನಿಮ್ಮ ಮಾಪನ ರೇಖೆ ಹೊಂದುವುದಿಲ್ಲ.

ಲೆಕ್ಕ

40 ಮೈಕ್ರೊಮೋಲಾರ್ ಚೀಲವನ್ನು ನೋಡೋಣ. ಹಾಕಿದ ಬಣ್ಣ 200 ನ್ಯಾನೊಮೋಲ್. ಪ್ರೋಟೀನ್ ಇಲ್ಲದ ಜೊತೆಯ ಚೀಲದಲ್ಲಿ ಹೊರಗೆ 20 ಮೈಕ್ರೊಮೋಲಾರ್ ಬರಬೇಕಿತ್ತು, 19 ಬಂತು ಎಂದುಕೊಳ್ಳಿ. ಒಳಹೊರಗೆ ಸೇರಿ 190 ನ್ಯಾನೊಮೋಲ್. ಉಳಿದ 10 ನ್ಯಾನೊಮೋಲ್ ಟ್ಯೂಬಿಗೇ ಹತ್ತಿಕೊಂಡಿದೆ. ಪ್ರೋಟೀನ್ ಇರುವ ಚೀಲದ ಹೊರಗೆ 12 ಬಂದರೆ, ಅಂಟದ ಬಣ್ಣ ಎರಡೂ ಕಡೆ ಸೇರಿ 120. ಟ್ಯೂಬಿಗೆ ಹತ್ತಿದ್ದು ಅದೇ ಪ್ರಮಾಣದಲ್ಲಿ ಸುಮಾರು 6. ಹಾಗಾದರೆ ಪ್ರೋಟೀನಿಗೆ ಅಂಟಿದ್ದು 74 ನ್ಯಾನೊಮೋಲ್. ಪ್ರೋಟೀನ್ 150 ನ್ಯಾನೊಮೋಲ್ ಇರುವುದರಿಂದ ಪ್ರತಿ ಅಣುವಿಗೆ 0.49. ಟ್ಯೂಬಿನ ನಷ್ಟ ಕಳೆಯದಿದ್ದರೆ ಅದೂ ಪ್ರೋಟೀನಿನ ಖಾತೆಗೇ ಬೀಳುತ್ತಿತ್ತು.

ಈ ಅನುಪಾತವನ್ನು ಅಂಟದೆ ಉಳಿದ ಸಾಂದ್ರತೆಯ ಎದುರು ಗುರುತಿಸಿ, ಸ್ಪ್ರೆಡ್‌ಶೀಟಿನ ಸಾಲ್ವರ್‌ನಲ್ಲಿ ವಕ್ರರೇಖೆಯನ್ನೇ ನೇರವಾಗಿ ಹೊಂದಿಸಿ. ಇದೇ ಅಂಕಿಗಳನ್ನು ಸರಳರೇಖೆಗೆ ತಿರುಗಿಸುವ 1949ರ ಸ್ಕ್ಯಾಚರ್ಡ್ ನಕ್ಷೆ ಪಠ್ಯಕ್ಕೆ ಚೆಂದ, ಆದರೆ ಒಂದೇ ಓದಿನ ತಪ್ಪು ಅದರ ಎರಡೂ ಅಕ್ಷಗಳಿಗೆ ಹರಡುತ್ತದೆ. ರೇಖೆ ಮೇಲೆ ಮಟ್ಟಸವಾಗದಿದ್ದರೆ ಒಟ್ಟು ಎಷ್ಟು ಜಾಗಗಳಿವೆ ಎಂದು ಹೇಳುವ ಹಕ್ಕು ನಿಮಗಿಲ್ಲ. ಮಿಥೈಲ್ ಆರೆಂಜಿಗೆ ಬಿಎಸ್‌ಎಯಲ್ಲಿ ದುರ್ಬಲ ಜಾಗಗಳು ಹಲವು, ಬಹುಶಃ ಮಟ್ಟಸವಾಗುವುದೂ ಇಲ್ಲ.

ಬೆಳಕು ಕುಂದಿಸುವ ವಿಧಾನ

ಅಣುಗಳು ಹೊರಸೂಸುವ ಬೆಳಕನ್ನು ಅಳೆಯುವ ಫ್ಲೋರಿಮೀಟರ್ ಇದ್ದರೆ ಕೆಲಸ ಒಂದು ಗಂಟೆಯದು. 2 ಮಿ.ಲೀ. ಬಿಎಸ್‌ಎ (2 ಮೈಕ್ರೊಮೋಲಾರ್), 295 ನ್ಯಾನೊಮೀಟರ್ ಬೆಳಕು, 305ರಿಂದ 450ರವರೆಗೆ ಓದು. ಹೊಳೆಯುವುದು ಬಿಎಸ್‌ಎಯ ಎರಡು ಟ್ರಿಪ್ಟೊಫಾನ್ ಅಮೈನೊ ಆಮ್ಲಗಳು. ಎಥನಾಲ್‌ನಲ್ಲಿ ಕರಗಿಸಿದ 1 ಮಿಲಿಮೋಲಾರ್ ಕರ್ಕ್ಯುಮಿನ್ (ಅರಿಶಿನದ ಹಳದಿ ಅಣು) 2 ಮೈಕ್ರೊಲೀಟರ್‌ನಂತೆ ಸೇರಿಸುತ್ತ ಹೋದರೆ ಪ್ರತಿ ಸಲ 1 ಮೈಕ್ರೊಮೋಲಾರ್ ಏರುತ್ತದೆ. 328ರ ಬಳಿಯ ಸಣ್ಣ ಉಬ್ಬು ನೀರಿನದು. ಬರೀ ಬಫರ್ ಓದಿ ಕಳೆಯಿರಿ.

ಮೋಸ ಇಲ್ಲೇ. ಕರ್ಕ್ಯುಮಿನ್ ತಾನೂ ಬೆಳಕು ನುಂಗುತ್ತದೆ. 295ರಲ್ಲೂ ಬಿಎಸ್‌ಎ ಹೆಚ್ಚು ಹೊಳೆಯುವ 340ರಲ್ಲೂ ಅದರ ಹೀರಿಕೆ ತಲಾ 0.1 ಇದ್ದರೂ ಸಾಕು, ಏನೂ ಅಂಟದೆಯೇ ಬೆಳಕು ಸುಮಾರು ಶೇ 20 ಕುಂದುತ್ತದೆ. ಎರಡು ಹೀರಿಕೆಗಳನ್ನು ಕೂಡಿಸಿ, ಅರ್ಧಮಾಡಿ, ಹತ್ತರ ಆ ಘಾತದಿಂದ ಓದನ್ನು ಗುಣಿಸಿ ಸರಿಪಡಿಸಿ. ಇನ್ನೂ ಭದ್ರವಾದ ಪರೀಕ್ಷೆ: ಪ್ರೋಟೀನಿನ ಬದಲು ಟ್ರಿಪ್ಟೊಫಾನಿನಂತೆಯೇ ಹೊಳೆಯುವ, ಆದರೆ ಅಂಟುವ ಜಾಗವಿಲ್ಲದ ಸಣ್ಣ ಅಣು ಎನ್-ಅಸಿಟೈಲ್ ಟ್ರಿಪ್ಟೊಫಾನಮೈಡ್ ಇಟ್ಟು ಅದೇ ಪ್ರಯೋಗ ಮಾಡಿ. ತಿದ್ದುಪಡಿಯ ನಂತರವೂ ಅದು ಬಿಎಸ್‌ಎಯಷ್ಟೇ ಕುಂದಿದರೆ ನೀವು ಅಳೆದದ್ದು ಬಂಧವನ್ನಲ್ಲ. ಪಿಎಚ್ 7.4ರ ಬಫರ್‌ನಲ್ಲಿ ಒಂಟಿ ಕರ್ಕ್ಯುಮಿನ್ ನಿಮಿಷಗಳಲ್ಲಿ ಒಡೆಯತೊಡಗುತ್ತದೆ, ಆದ್ದರಿಂದ ಬಫರ್‌ನಲ್ಲಿ ಮೊದಲೇ ತೆಳುಮಾಡಿಡಬೇಡಿ. ಇಲ್ಲಿ ಕೈಗೆ ಸಿಗುವುದು ಹಾಕಿದ ಸಾಂದ್ರತೆ ಮಾತ್ರ; ಕೆ-ಡಿ 2 ಮೈಕ್ರೊಮೋಲಾರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಟಿದ್ದನ್ನು ಕಳೆಯುವ ವರ್ಗ ಸಮೀಕರಣವೇ ಬೇಕು.

ಅಂಟುವಾಗಿನ ಶಾಖ ಅಳೆಯುವ ಐಟಿಸಿ (ಐಸೊಥರ್ಮಲ್ ಟೈಟ್ರೇಶನ್ ಕೆಲೊರಿಮೆಟ್ರಿ) ಯಂತ್ರಕ್ಕಾಗಿ ದೊಡ್ಡ ಲ್ಯಾಬಿಗೆ ಮಾದರಿ ಕಳಿಸುವವರು ಪ್ರೋಟೀನನ್ನು ಡಯಾಲಿಸಿಸ್ ಮಾಡಿದ ಹೊರಗಿನ ಬಫರ್ ಚೆಲ್ಲಬೇಡಿ, ಅದರಲ್ಲೇ ಅಣುವನ್ನು ಕರಗಿಸಿ. ಅಣು ಕರಗಿಸಲು ಡಿಎಂಎಸ್‌ಒ ದ್ರಾವಕ ಬಳಸಿದ್ದರೆ ಎರಡೂ ಕಡೆ ಒಂದೇ ಪ್ರಮಾಣ ಇರಲಿ. ಶೇ 1ರ ವ್ಯತ್ಯಾಸವಿದ್ದರೂ ಬೆರೆಯುವಾಗ ಹೊಮ್ಮುವ ಶಾಖದಲ್ಲಿ ಬಂಧದ ಶಾಖ ಮುಚ್ಚಿಹೋಗುತ್ತದೆ.