ಅಯುತ್ಥಾಯದಲ್ಲಿ ಒಂದು ದಿನ: ಗೈಡ್ ಜೊತೆ ನಾವು ನೋಡಿದ ರೀತಿ

ಬ್ಯಾಂಕಾಕ್‌ಗೆ ಹೊರಟವರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ. ಥಾಯ್ಲೆಂಡ್‌ನ ಹಳೇ ರಾಜಧಾನಿ ಅಯುತ್ಥಾಯಕ್ಕೆ ಒಂದು ಇಡೀ ದಿನ ಎತ್ತಿಡಿ, ಗೈಡ್ ಇಲ್ಲದೆ ಹೋಗಬೇಡಿ. ರೈಲಿನಲ್ಲಿ ತುಂಬಾ ಅಗ್ಗವಾಗಿ ಹೋಗಬಹುದು, ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ಅದೆಲ್ಲ ನಿಜ. ಆದರೆ ಹಂಪಿ ನೋಡಿದ ಕಣ್ಣಿಗೆ ಅಲ್ಲಿ ಒಂದು ತೊಂದರೆ ಇದೆ. ಹಂಪಿಯಲ್ಲಿ ಕಲ್ಲೇ ಕಥೆ ಹೇಳುತ್ತದೆ. ಹಜಾರ ರಾಮ ಗುಡಿಯ ಗೋಡೆ ಸುತ್ತಿದರೆ ಇಡೀ ರಾಮಾಯಣ ಕಾಣುತ್ತದೆ. ಅಯುತ್ಥಾಯ ಕಟ್ಟಿದ್ದು ಇಟ್ಟಿಗೆಯಲ್ಲಿ. ಕುಸುರಿ ಕೆಲಸವೆಲ್ಲ ಮೇಲಿನ ಗಾರೆಯಲ್ಲಿತ್ತು, ಅದು ಬಹುಪಾಲು ಉದುರಿಹೋಗಿದೆ. ಉಳಿದದ್ದು ಕೆಂಪು ಇಟ್ಟಿಗೆಯ ಗುಡ್ಡೆಗಳು. ಯಾರಾದರೂ ಪಕ್ಕದಲ್ಲಿ ನಿಂತು ಹೇಳದಿದ್ದರೆ ಮೂರನೇ ಗುಡಿಯ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ.

ನಾನು, ಅಮ್ಮ, ಚಿಕ್ಕಮ್ಮ ಮೂವರೇ ಹೋಗಿದ್ದು. ದೊಡ್ಡ ಬಸ್ಸಿನ ಟೂರ್ ಬೇಡ ಅಂತ ವ್ಯಾನ್, ಡ್ರೈವರ್, ಇಂಗ್ಲಿಷ್ ಮಾತಾಡುವ ಗೈಡ್ ಮೂರೂ ಸೇರಿಸಿ ಬುಕ್ ಮಾಡಿದೆ. ಥಾಯ್ಲೆಂಡ್‌ನಲ್ಲಿ ಗೈಡ್ ಕೆಲಸಕ್ಕೆ ಲೈಸೆನ್ಸ್ ಕಡ್ಡಾಯ, ಅದರ ಕಾರ್ಡನ್ನು ಅವರು ಕೊರಳಿಗೆ ಹಾಕಿಕೊಂಡಿರುತ್ತಾರೆ. ಬುಕ್ ಮಾಡುವಾಗಲೇ ಕೆಲವು ಮಾತು ಖಚಿತವಾಗಿ ಹೇಳಿದ್ದೆ. ಬೆಳಿಗ್ಗೆ ಆರೂವರೆಗೆ ಹೊರಡಬೇಕು. ಗುಡಿಗಳು ಕಡಿಮೆ ಇರಲಿ, ಒಂದೊಂದನ್ನೂ ನಿಧಾನವಾಗಿ ನೋಡಬೇಕು. ಆನೆ ಸವಾರಿ ಬೇಡ. ಬಾಂಗ್ ಪ-ಇನ್ ಅರಮನೆ ಮಧ್ಯಾಹ್ನಕ್ಕೆ ಇರಲಿ.

ಈ ಕೊನೆಯ ಮಾತು ತುಂಬಾ ಮುಖ್ಯ. ಅರಮನೆ ದಾರಿಯಲ್ಲೇ ಸಿಗುತ್ತದೆ ಅಂತ ಹೆಚ್ಚಿನ ಟೂರ್‌ಗಳು ಬೆಳಗಿನ ತಂಪು ಹೊತ್ತನ್ನು ಅಲ್ಲೇ ಕಳೆಯುತ್ತವೆ. ಆಮೇಲೆ ನೆರಳೇ ಇಲ್ಲದ ಗುಡಿಗಳಿಗೆ ಸುಡುಬಿಸಿಲಲ್ಲಿ ಕರೆದೊಯ್ಯುತ್ತವೆ. ಅರಮನೆಯಲ್ಲಿ ಮರಗಳಿವೆ, ಕೊಳ ಇದೆ, ಕೂರಲು ಜಾಗ ಇದೆ. ವಯಸ್ಸಾದವರು ಜೊತೆಗಿದ್ದರೆ ಈ ಕ್ರಮ ತಿರುಗಿಸಿಕೊಳ್ಳುವುದೇ ವಾಸಿ.

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದಾರಿಯುದ್ದಕ್ಕೂ ಗೈಡ್ ಊರಿನ ಕಥೆ ಹೇಳಿದರು. 1351ರಲ್ಲಿ ರಾಜ ಊ ಥಾಂಗ್ ಕಟ್ಟಿದ ರಾಜಧಾನಿ ಇದು. ಚಾವೋ ಫ್ರಯಾ, ಲೋಪ್‌ಬುರಿ, ಪಾ ಸಾಕ್ ಮೂರು ನದಿಗಳು ಸುತ್ತುವರಿದು ಊರೇ ಒಂದು ದ್ವೀಪ. ಜಪಾನೀಯರು, ಪೋರ್ಚುಗೀಸರು, ಡಚ್ಚರು ಎಲ್ಲರಿಗೂ ಇಲ್ಲಿ ವ್ಯಾಪಾರ ಇತ್ತು. 1767ರಲ್ಲಿ ಬರ್ಮಾದ ಸೈನ್ಯ ಮುತ್ತಿಗೆ ಹಾಕಿ ಊರನ್ನು ಸುಟ್ಟುಹಾಕಿತು. 1782ರಲ್ಲಿ ಬ್ಯಾಂಕಾಕ್ ರಾಜಧಾನಿಯಾದಾಗ ಇಲ್ಲಿಯ ಕೋಟೆಯ ಇಟ್ಟಿಗೆಯನ್ನೇ ದೋಣಿಗೆ ತುಂಬಿ ನದಿಯಲ್ಲಿ ಕೆಳಕ್ಕೆ ಸಾಗಿಸಿದರಂತೆ. ಹಳೇ ರಾಜಧಾನಿಯ ಇಟ್ಟಿಗೆ ಹೊಸ ರಾಜಧಾನಿಗೆ ಹೋಯಿತು ಅಂತ ಕೇಳಿದ ಮೇಲೆ ಆ ಮೊಂಡು ಗೋಡೆಗಳನ್ನು ನೋಡುವ ರೀತಿಯೇ ಬದಲಾಯಿತು.

ಮೊದಲು ವಾಟ್ ಮಹಾಥಾಟ್. ವಾಟ್ ಅಂದರೆ ಬೌದ್ಧ ಗುಡಿ. ಆಲದ ಜಾತಿಯ ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ ಇರುವುದು ಇಲ್ಲೇ. ಬಸ್ಸುಗಳು ಬಂದರೆ ಇಲ್ಲಿ ಸಾಲು ನಿಲ್ಲಬೇಕು, ನಾವು ಹೋದಾಗ ಕೆಲವೇ ಜನ ಇದ್ದರು. ಹತ್ತಿರ ಹೋಗಿ ನೋಡಿ. ಬೇರು ಗಲ್ಲದ ಎರಡೂ ಕಡೆಯಿಂದ ಬಳಸಿ ಬಂದಿದೆ, ಒಂದು ಕಿವಿಯನ್ನು ಪೂರಾ ಮುಚ್ಚಿದೆ, ಆದರೆ ಮುಖದ ಮೇಲೆ ಮಾತ್ರ ಹರಿದಿಲ್ಲ. ಫೋಟೋ ತೆಗೆಸಿಕೊಳ್ಳುವವರು ತಗ್ಗಿ ಕೂರಬೇಕು, ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ಸುತ್ತ ರುಂಡವಿಲ್ಲದ ವಿಗ್ರಹಗಳು ಸಾಲುಸಾಲಾಗಿ ಕೂತಿವೆ. ಕೆಲವು ಯುದ್ಧದಲ್ಲಿ ಒಡೆದವು, ಎಷ್ಟೋ ತಲೆಗಳನ್ನು ಆಮೇಲೆ ಕಳ್ಳರು ಮಾರಾಟಕ್ಕೆ ಅಂತ ಕಡಿದುಕೊಂಡು ಹೋದರು. ಮುರಿದ ಕುತ್ತಿಗೆಯ ಹಿಂದೆ ತಮ್ಮ ಮುಖ ಇಟ್ಟು ಫೋಟೋ ತೆಗೆಸಿಕೊಳ್ಳುವವರು ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಅಲ್ಲಿಯವರಿಗೆ ಪೂಜೆಯ ಮೂರ್ತಿ.

ರಸ್ತೆ ದಾಟಿದರೆ ವಾಟ್ ರಾಚಬುರಾನಾ. ನನಗೆ ಇಡೀ ದಿನದಲ್ಲಿ ಜಾಸ್ತಿ ಹಿಡಿಸಿದ್ದು ಇದು. ಸಿಂಹಾಸನಕ್ಕಾಗಿ ಇಬ್ಬರು ಅಣ್ಣಂದಿರು ಆನೆ ಮೇಲೆ ಕೂತು ಕಾದಾಡಿ ಇಬ್ಬರೂ ಸತ್ತರು, ಮೂರನೆಯವನು ರಾಜನಾಗಿ ಅವರನ್ನು ಸುಟ್ಟ ಜಾಗದಲ್ಲೇ 1424ರಲ್ಲಿ ಇದನ್ನು ಕಟ್ಟಿಸಿದ. 1957ರಲ್ಲಿ ಕಳ್ಳರು ಗೋಪುರದೊಳಗಿನ ನೆಲಮಾಳಿಗೆಗೆ ಕನ್ನ ಹಾಕಿ ಚಿನ್ನ ದೋಚಿದರು. ಉಳಿದದ್ದು, ಮರಳಿ ಸಿಕ್ಕಿದ್ದು ಊರಿನ ಚಾವೋ ಸಾಮ್ ಫ್ರಯಾ ಮ್ಯೂಸಿಯಂನಲ್ಲಿದೆ. ಒಳಗೆ ಇಳಿಯುವ ಮೆಟ್ಟಿಲು ತುಂಬಾ ಕಡಿದು, ಗಾಳಿಯಾಡುವುದಿಲ್ಲ. ಮಂಡಿ ನೋವಿರುವವರು ಸುಮ್ನೆ ಸಾಹಸಕ್ಕೆ ಹೋಗಬಾರದು. ಅಮ್ಮ, ಚಿಕ್ಕಮ್ಮ ಕೆಳಗೇ ಕೂತರು, ನಾನು ಗೋಪುರ ಹತ್ತಿ ಒಳಗೆ ಇಳಿದು ಗೋಡೆಯ ಮೇಲಿನ ಮಾಸಿದ ಚಿತ್ರಗಳನ್ನು ನೋಡಿ ಬಂದೆ. ಹೊರಗೆ ಬಂದಾಗ ಗೈಡ್ ಚಿಕ್ಕಮ್ಮನಿಗೆ ಗೋಪುರದ ತುದಿ ತೋರಿಸುತ್ತಿದ್ದರು. ಅಲ್ಲಿ ಗಾರೆಯ ಗರುಡ ಇನ್ನೂ ರೆಕ್ಕೆ ಬಿಚ್ಚಿ ನಿಂತಿದ್ದಾನೆ.

ವಾಟ್ ಫ್ರಾ ಸಿ ಸಾನ್‌ಫೆಟ್‌ನಲ್ಲಿ ಸಾಲಾಗಿ ಮೂರು ಸ್ತೂಪಗಳಿವೆ, ಒಳಗೆ ರಾಜರ ಅಸ್ಥಿ ಇಟ್ಟಿದ್ದರು. ಇದು ಅರಮನೆಯೊಳಗಿನ ಗುಡಿ, ಇಲ್ಲಿ ಭಿಕ್ಷುಗಳು ವಾಸ ಮಾಡುತ್ತಿರಲಿಲ್ಲ. ಬ್ಯಾಂಕಾಕ್‌ನ ಎಮರಾಲ್ಡ್ ಬುದ್ಧನ ಗುಡಿಗೆ ಇದೇ ಮಾದರಿ. 16 ಮೀಟರ್ ಎತ್ತರದ, ಚಿನ್ನ ಹೊದಿಸಿದ ಬುದ್ಧ ಇಲ್ಲಿ ನಿಂತಿದ್ದನಂತೆ, ಬರ್ಮಾದವರು ಬೆಂಕಿ ಹಾಕಿ ಚಿನ್ನ ಕರಗಿಸಿಕೊಂಡರು. ಪಕ್ಕದಲ್ಲಿದ್ದ ಅರಮನೆಯ ತಳಪಾಯ ಮಾತ್ರ ಹುಲ್ಲಿನಲ್ಲಿ ಕಾಣುತ್ತದೆ. ಆಚೆ ಬದಿಯ ವಿಹಾರದಲ್ಲಿ ದೊಡ್ಡ ಕಂಚಿನ ಬುದ್ಧ ಇದ್ದಾನೆ. ಆ ವಿಹಾರವನ್ನು 1950ರ ದಶಕದಲ್ಲಿ ಮತ್ತೆ ಕಟ್ಟಿದಾಗ ಬರ್ಮಾ ಕೂಡ ಹಣ ಕೊಟ್ಟಿತು. ಇದನ್ನು ಗೈಡ್ ಎರಡು ಸಲ ಹೇಳಿದರು, ಅವರಿಗೆ ಅದು ಮುಖ್ಯವಾಗಿತ್ತು. ಇಲ್ಲಿ ಈಗಲೂ ಪೂಜೆ ನಡೆಯುವುದರಿಂದ ಚಪ್ಪಲಿ ಹೊರಗೆ ಬಿಡಬೇಕು, ಭುಜ ಮಂಡಿ ಮುಚ್ಚಿರಬೇಕು.

ಊಟದ ವಿಷಯ ಸಸ್ಯಾಹಾರಿಗಳಿಗೆ ಅಂತ ಹೇಳುತ್ತೇನೆ. ಬರೀ ವೆಜ್ ಅಂದರೆ ಸಾಲದು, ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಅಂತ ಕೇಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತದೆ. ಅದರಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಅಮ್ಮನಿಗೆ ಅಲ್ಲಿ ಹೊಟ್ಟೆ ತುಂಬಾ ಊಟ ಸಿಕ್ಕಿದ್ದು ಹಾಗೆ. ಇಂಥ ಅಂಗಡಿ ಎಲ್ಲಿದೆ ಅಂತ ಗೈಡ್‌ಗೆ ಹಿಂದಿನ ದಿನವೇ ಮೆಸೇಜ್ ಮಾಡಿದ್ದೆ. ಊಟದ ಮೇಲೆ ರೋಟಿ ಸಾಯ್ ಮಾಯ್ ತಿನ್ನಲೇಬೇಕು. ತೆಳ್ಳನೆಯ ರೊಟ್ಟಿಯೊಳಗೆ ಎಳೆ ಎಳೆಯಾದ ಸಕ್ಕರೆ ಮಿಠಾಯಿ ಸುತ್ತಿಕೊಂಡು ತಿನ್ನುವುದು. ಅಲ್ಲಿಯ ಮುಸ್ಲಿಂ ಕುಟುಂಬಗಳು ಮಾಡುವ ಈ ತಿಂಡಿಗೆ ಊರೇ ಹೆಸರುವಾಸಿ.

ನದಿಯಾಚೆ ವಾಟ್ ಚೈವತ್ತನಾರಾಮ್. 1630ರಲ್ಲಿ ರಾಜ ಪ್ರಸಾತ್ ಥಾಂಗ್ ಕಟ್ಟಿಸಿದ್ದು, ನಡುವಿನ ಗೋಪುರ 35 ಮೀಟರ್, ಕಾಂಬೋಡಿಯಾದ ಖಮೇರ್ ಶೈಲಿ. ಹಳೇ ಕಾಲದ ಉಡುಪು ಬಾಡಿಗೆಗೆ ತೊಟ್ಟು ಫೋಟೋ ತೆಗೆಸಿಕೊಳ್ಳುವ ಥಾಯ್ ಹುಡುಗಿಯರು ಇಲ್ಲಿ ತುಂಬಾ ಜನ. 2011ರ ಪ್ರವಾಹದಲ್ಲಿ ಈ ಗುಡಿಗೆ ನೀರು ನುಗ್ಗಿತ್ತು. ಗೈಡ್ ಆಗ ತೆಗೆದ ಫೋಟೋ ತೋರಿಸಿದರು, ಸಾಲಾಗಿ ಕೂತ ಬುದ್ಧರ ಸುತ್ತ ಕಂದು ನೀರು.

ಬಾಂಗ್ ಪ-ಇನ್ ನಾಲ್ಕು ಗಂಟೆಗೆ ಮುಚ್ಚುತ್ತದೆ, ಟಿಕೆಟ್ ಅದಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ. ಹಾಗಾಗಿ ಎರಡು ಗಂಟೆಗೆಲ್ಲ ಅಲ್ಲಿರಬೇಕು. ಈಗ ಕಾಣುವುದೆಲ್ಲ ಹೆಚ್ಚಾಗಿ 1872ರಿಂದ 1889ರ ನಡುವೆ ರಾಜ ಚುಲಾಲಾಂಗ್‌ಕಾರ್ನ್ ಕಟ್ಟಿಸಿದ್ದು. ಕೊಳದ ನಡುವೆ ಥಾಯ್ ಮಂಟಪ, ಪಕ್ಕದಲ್ಲಿ ಯುರೋಪಿನ ಶೈಲಿಯ ಕಟ್ಟಡ, ಆಚೆ ಚೀನೀ ಅರಮನೆ. ರಾಣಿ ಸುನಂದಾ 1880ರಲ್ಲಿ ಇಲ್ಲಿಗೆ ಬರುವಾಗ ದೋಣಿ ಮಗುಚಿ ಪುಟ್ಟ ಮಗಳ ಜೊತೆ ತೀರಿಕೊಂಡಳು. ರಾಜಮನೆತನದವರನ್ನು ಮುಟ್ಟುವಂತಿಲ್ಲ ಅನ್ನುವ ಕಟ್ಟಳೆಯಿಂದ ಯಾರೂ ಕೈ ಹಿಡಿದು ಎತ್ತಲಿಲ್ಲ ಅಂತ ಅಲ್ಲಿ ಹೇಳುತ್ತಾರೆ. ರಾಜ ಅವಳಿಗೆ ಕಟ್ಟಿಸಿದ ಅಮೃತಶಿಲೆಯ ಸ್ಮಾರಕದ ಮುಂದೆ ಚಿಕ್ಕಮ್ಮ ಬಹಳ ಹೊತ್ತು ನಿಂತರು.

ಮೂರೂವರೆಗೆ ಹೊರಟರೆ ಬ್ಯಾಂಕಾಕ್‌ನ ಸಂಜೆ ಟ್ರಾಫಿಕ್ ಸ್ವಲ್ಪ ತಪ್ಪುತ್ತದೆ. ಚೈವತ್ತನಾರಾಮ್‌ನಲ್ಲಿ ಸೂರ್ಯಾಸ್ತ ನೋಡಬೇಕು ಅನ್ನುವವರು ಅರಮನೆ ಬಿಡಬೇಕಾಗುತ್ತದೆ, ಒಂದೇ ದಿನದಲ್ಲಿ ಎರಡನ್ನೂ ತುರುಕಬೇಡಿ. ನನ್ನನ್ನು ಕೇಳಿದರೆ ಹಿರಿಯರ ಜೊತೆ ಹೋದವರಿಗೆ ಅರಮನೆ, ಗೆಳೆಯರ ಜೊತೆ ಹೋದವರಿಗೆ ಸೂರ್ಯಾಸ್ತ. ರಾಚಬುರಾನಾ ಮಾತ್ರ ಇಬ್ಬರೂ ಬಿಡಬಾರದು.